ಬೇಕಿದ್ದು ಹಿಂದಿನ ವೈಪರ್, ಜೊತೆಗೆ ಕಟ್ಟಿಕೊಡುವುದು ಸನ್‌ರೂಫ್: ಮಲೆನಾಡಿನವರು ಕಾರಿನ ವೇರಿಯಂಟ್ ಆರಿಸುವುದು ಹೇಗೆ?

ಅಡಿಕೆ ಕೊಯ್ಲು ಮುಗಿದು ಮಂಡಿಯಿಂದ ದುಡ್ಡು ಕೈಗೆ ಬರುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. "ಕಾರು ಯಾವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಯಾವ ವೇರಿಯಂಟ್ ಅಂತ ಮಾತ್ರ ಗೊತ್ತಾಗ್ತಿಲ್ಲ." ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲ ಕಡೆಯವರೂ ಕೇಳಿದ್ದಾರೆ. ಬೇಸರವೂ ಒಂದೇ ಥರದ್ದು. ಮಳೆಗಾಲಕ್ಕೆ ಹಿಂದಿನ ಗಾಜಿಗೆ ವೈಪರ್ ಬೇಕು. ಅದು ಕೆಳಗಿನ ಎರಡು ವೇರಿಯಂಟ್‌ಗಳಲ್ಲಿ ಇಲ್ಲ. ಮೂರನೆಯದರಲ್ಲಿ ಇದೆ, ಆದರೆ ದೊಡ್ಡ ಸ್ಕ್ರೀನು, ಸನ್‌ರೂಫು, ಅಲಾಯ್ ಚಕ್ರ ಎಲ್ಲವನ್ನೂ ಅದರ ಜೊತೆಗೇ ಕೊಳ್ಳಬೇಕು. ವೈಪರ್ ಒಂದೇ ಕೊಡಿ ಅಂದರೆ ಆಗಲ್ಲ ಅನ್ನುತ್ತಾರೆ.

ವೇರಿಯಂಟ್ ಅಂದರೆ ಒಂದೇ ಕಾರಿನ ಬೇರೆ ಬೇರೆ ದರ್ಜೆ. ಮಾರುತಿಯಲ್ಲಿ ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಝಡ್‌ಎಕ್ಸ್‌ಐ ಅಂತ ಇರುವುದು ಇದೇ. ಎಲ್ಲಕ್ಕಿಂತ ಕೆಳಗಿನದು ಬೇಸ್, ಮೇಲಿನದು ಟಾಪ್ ಎಂಡ್. ಒಂದೊಂದು ಸೌಲಭ್ಯವನ್ನೂ ಗಿರಾಕಿ ಕೇಳಿದಂತೆ ಜೋಡಿಸುತ್ತಾ ಹೋದರೆ ಕಾರ್ಖಾನೆಯಲ್ಲಿ ನೂರಾರು ಥರದ ಕಾರು ಮಾಡಬೇಕಾಗುತ್ತದೆ, ಬಿಡಿಭಾಗಗಳ ಲೆಕ್ಕ ಇಡುವುದು ಕಷ್ಟ. ಅದಕ್ಕೇ ಗಂಟು ಕಟ್ಟುತ್ತಾರೆ. ಆದರೆ ಯಾವ ಗಂಟಿನಲ್ಲಿ ಯಾವುದನ್ನು ಇಡಬೇಕು ಅನ್ನುವುದರಲ್ಲಿ ವ್ಯಾಪಾರವೂ ಇದೆ. ಜನ ತುಂಬಾ ಕೇಳುವ ಒಂದು ಸೌಲಭ್ಯವನ್ನು ಒಂದು ಮೆಟ್ಟಿಲು ಮೇಲಿಟ್ಟರೆ ಜನವೂ ಒಂದು ಮೆಟ್ಟಿಲು ಹತ್ತುತ್ತಾರೆ, ಅಲ್ವಾ?

ಇದನ್ನು ನಾವು ಬದಲಾಯಿಸಲು ಆಗುವುದಿಲ್ಲ. ಆದರೆ ಆರಿಸುವ ಕ್ರಮ ನಮ್ಮ ಕೈಯಲ್ಲಿದೆ. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಆಮೇಲೆ ಹಾಕಿಸಲು ಆಗದ್ದನ್ನು ಕಂಪನಿಯಿಂದಲೇ ತಗೊಳ್ಳಿ, ಆಮೇಲೆ ಹಾಕಿಸಬಹುದಾದ್ದಕ್ಕೆ ಮೇಲಿನ ವೇರಿಯಂಟ್ ಹತ್ತಬೇಡಿ. ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ಶುರು ಮಾಡುವ ಮೊದಲು ಇವು ಕೈಯಲ್ಲಿರಲಿ: ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಂಡ ಬ್ರೋಷರ್, ಶಿವಮೊಗ್ಗದ ಬೆಲೆಪಟ್ಟಿ, ಒಂದು ನೋಟ್‌ಬುಕ್. ಷೋರೂಮಿಗೆ ಇನ್ನೂ ಹೋಗಬೇಡಿ.

1. ಕಾರು ಓಡಾಡುವ ದಾರಿಯನ್ನು ಬರೆಯಿರಿ

ಯಾವ ಸೌಲಭ್ಯ ಬೇಕು ಅಂತ ಅಲ್ಲ, ಕಾರು ಎಲ್ಲಿ ಓಡುತ್ತದೆ ಅಂತ ಬರೆಯಿರಿ. ಶಿವಮೊಗ್ಗ ಪೇಟೆಯೊಳಗೇ ಶಾಲೆ, ಕಚೇರಿ ಅಂತ ಓಡಾಡುವ ಕಾರಿಗೂ, ಹೊಸನಗರದ ಒಳಗಿನ ಹಳ್ಳಿಯಿಂದ ವಾರಕ್ಕೆರಡು ಸಲ ಮಣಿಪಾಲದ ಆಸ್ಪತ್ರೆಗೆ ಘಾಟಿ ಇಳಿಯುವ ಕಾರಿಗೂ ಅಗತ್ಯ ಬೇರೆ. ಉಣಗೋಲಿನಿಂದ ಅಂಗಳದವರೆಗೆ ಮಣ್ಣಿನ ಏರು ಇದೆಯಾ? ಕಾರು ಮರದ ಕೆಳಗೆ ನಿಲ್ಲುತ್ತದಾ, ಸೂರಿನ ಕೆಳಗಾ? ಮನೆಯಲ್ಲಿ ಯಾರ್‍ಯಾರು ಓಡಿಸುತ್ತಾರೆ, ಅವರ ಎತ್ತರ ಎಷ್ಟು? ಹತ್ತು ಸಾಲು ಸಾಕು. ಮುಂದಿನ ಎಲ್ಲ ತೀರ್ಮಾನಕ್ಕೂ ಈ ಹತ್ತು ಸಾಲೇ ಅಳತೆಗೋಲು.

2. ಮೂರು ಕಾಲಂ ಮಾಡಿ

ಈ ಲೇಖನದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿಯೇ. ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆಯಿರಿ: ಆಮೇಲೆ ಹಾಕಿಸಲು ಆಗದ್ದು, ಆಮೇಲೆ ಹಾಕಿಸಬಹುದಾದ್ದು, ನಮ್ಮ ಊರಿಗೆ ಬೇಡದ್ದು.

*ಆಮೇಲೆ ಹಾಕಿಸಲು ಆಗದ್ದು.* ಏರ್‌ಬ್ಯಾಗ್ ಮೊದಲನೆಯದು. ಮುಂದಿನ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಈಗ ಕಾನೂನಿನ ಪ್ರಕಾರ ಎಲ್ಲ ಕಾರಿನಲ್ಲೂ ಇರಲೇಬೇಕು. ಆರು ಏರ್‌ಬ್ಯಾಗ್ ಕಡ್ಡಾಯ ಅಲ್ಲ. ಕೆಲವು ಕಂಪನಿಗಳು ಬೇಸ್‌ನಲ್ಲೇ ಆರು ಕೊಡುತ್ತವೆ, ಕೆಲವು ಮೇಲಿನ ವೇರಿಯಂಟ್‌ಗೆ ಮಾತ್ರ. ಇದನ್ನು ಹೊರಗೆ ಎಲ್ಲೂ ಹಾಕಿಸಲಾಗದು.

ಎರಡನೆಯದು ಇಎಸ್‌ಸಿ. ತಿರುವಿನಲ್ಲಿ ಕಾರು ಜಾರಲು ಶುರುವಾದರೆ ಬೇಕಾದ ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಇದು. ಕೆಲವು ಕಂಪನಿಗಳು ಇಎಸ್‌ಪಿ ಅನ್ನುತ್ತವೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಮಳೆಯಲ್ಲಿ ಇಳಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಒದ್ದೆ ಎಲೆ ಬಿದ್ದ ಕಾಡಿನ ರಸ್ತೆಯಲ್ಲೂ ಅಷ್ಟೇ. ಇದರ ಜೊತೆಗೇ ಸಾಮಾನ್ಯವಾಗಿ ಹಿಲ್ ಹೋಲ್ಡ್ ಬರುತ್ತದೆ. ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದ ಮೇಲೆ ಒಂದೆರಡು ಸೆಕೆಂಡು ಕಾರು ಹಿಂದಕ್ಕೆ ಜಾರದಂತೆ ಅದು ಹಿಡಿದುಕೊಳ್ಳುತ್ತದೆ. ಹೊಸದಾಗಿ ಓಡಿಸುವವರಿಗೆ ಇದು ದೊಡ್ಡ ಧೈರ್ಯ.

ಮೂರನೆಯದು ಹಿಂದಿನ ಗಾಜಿನ ವೈಪರ್ ಮತ್ತು ಡಿಫಾಗರ್. ಡಿಫಾಗರ್ ಅಂದರೆ ಗಾಜಿನೊಳಗೆ ಕಾಣುವ ತೆಳು ಗೆರೆಗಳು. ಅವು ಬಿಸಿಯಾಗಿ ಗಾಜಿನ ಮಂಜು ಕರಗಿಸುತ್ತವೆ. ಡಿಕ್ಕಿ ಹೊರಗೆ ಚಾಚದ ಹ್ಯಾಚ್‌ಬ್ಯಾಕ್ ಮತ್ತು ಎಸ್‌ಯುವಿಗಳಲ್ಲಿ ಚಕ್ರ ಎರಚಿದ ಕೆಸರೆಲ್ಲ ಹಿಂದಿನ ಗಾಜಿಗೇ ಬಂದು ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ವೈಪರ್ ಇಲ್ಲದಿದ್ದರೆ ಹಿಂದೆ ಏನೂ ಕಾಣುವುದಿಲ್ಲ. ವೈಪರಿಗೆ ಮೋಟಾರು, ನೀರಿನ ಪೈಪು, ವೈರಿಂಗ್ ಎಲ್ಲ ಬೇಕು, ಡಿಫಾಗರ್‌ಗೆ ಗಾಜನ್ನೇ ಬದಲಿಸಬೇಕು. ಹೊರಗೆ ಮಾಡಿಸುವುದು ಬೇಡ.

ಚಾಲಕರ ಸೀಟಿನ ಎತ್ತರ ಹೊಂದಿಸುವ ಸೌಲಭ್ಯವನ್ನು ಎಲ್ಲರೂ ಮರೆಯುತ್ತಾರೆ. ಕಡಿದಾದ ಏರು ಹತ್ತುವಾಗ ಬಾನೆಟ್ ಮೇಲೆದ್ದು ಮುಂದಿನ ದಾರಿ ಮುಚ್ಚುತ್ತದೆ. ಎತ್ತರ ಕಡಿಮೆ ಇರುವವರು ಓಡಿಸುವುದಾದರೆ ಇದು ಬೇಕೇ ಬೇಕು. ಚಿಕ್ಕ ಮಕ್ಕಳಿದ್ದರೆ ಐಸೋಫಿಕ್ಸ್, ಅಂದರೆ ಮಕ್ಕಳ ಸೀಟನ್ನು ಭದ್ರವಾಗಿ ಸಿಕ್ಕಿಸುವ ಕೊಂಡಿ, ಇದೆಯಾ ನೋಡಿ.

*ಆಮೇಲೆ ಹಾಕಿಸಬಹುದಾದ್ದು.* ರಿವರ್ಸ್ ಕ್ಯಾಮೆರಾ, ಮ್ಯೂಸಿಕ್ ಸಿಸ್ಟಮ್, ಸ್ಪೀಕರ್, ಮಡ್ ಫ್ಲ್ಯಾಪ್, ಸೀಟ್ ಕವರ್, ಡೋರ್ ವೈಸರ್. ಫಾಗ್ ಲ್ಯಾಂಪ್ ಕೂಡ ಎಷ್ಟೋ ಕಾರುಗಳಿಗೆ ಕಂಪನಿಯ ಆಕ್ಸೆಸರಿಯಾಗಿಯೇ ಸಿಗುತ್ತದೆ. ಬಂಪರಿನಲ್ಲಿ ಅದರ ಜಾಗ ಖಾಲಿ ಬಿಟ್ಟಿದ್ದಾರಾ, ವೈರಿಂಗ್ ಮೊದಲೇ ಬಂದಿದೆಯಾ ಅಂತ ಕೇಳಿ. ಮಂಜಿನಲ್ಲಿ ಹೆಡ್‌ಲೈಟ್ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಫಾಗ್ ಲ್ಯಾಂಪ್ ಕೆಳಗಿದ್ದು ಅಗಲಕ್ಕೆ ಬೆಳಕು ಚೆಲ್ಲುವುದರಿಂದ ರಸ್ತೆಯ ಅಂಚು ಕಾಣುತ್ತದೆ. ಆದರೆ ಇದೊಂದಕ್ಕಾಗಿ ಮೇಲಿನ ವೇರಿಯಂಟ್ ಬೇಡ.

*ನಮ್ಮ ಊರಿಗೆ ಬೇಡದ್ದು.* ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಸನ್‌ರೂಫ್ ಬೇಡ. ಅದರ ಸುತ್ತ ಬಿದ್ದ ನೀರು ಹರಿದು ಹೋಗಲು ಸಣ್ಣ ಪೈಪುಗಳಿರುತ್ತವೆ. ಮರದ ಕೆಳಗೆ ನಿಲ್ಲುವ ಕಾರಿನಲ್ಲಿ ಎಲೆ, ಹೂವಿನ ಪುಡಿ ಸೇರಿ ಆ ಪೈಪು ಕಟ್ಟಿಕೊಂಡರೆ ನೀರು ಕಾರಿನ ಒಳಗೇ ಇಳಿಯುತ್ತದೆ. ಮೊಬೈಲಿನಿಂದ ಕಾರನ್ನು ನೋಡಿಕೊಳ್ಳುವ ಕನೆಕ್ಟೆಡ್ ಸೌಲಭ್ಯಕ್ಕೆ ನೆಟ್‌ವರ್ಕ್ ಬೇಕು. ಮನೆಯ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಊರಿನಲ್ಲಿ ಅದಕ್ಕೆ ದುಡ್ಡು ಸುಮ್ನೆ ದಂಡ.

ದೊಡ್ಡ ಅಲಾಯ್ ಚಕ್ರದ ವಿಷಯ ಹೆಚ್ಚಿನವರಿಗೆ ಹೊಸದು. ಟಾಪ್ ವೇರಿಯಂಟ್‌ಗೆ ದೊಡ್ಡ ಚಕ್ರ ಕೊಟ್ಟಾಗ ಟಯರಿನ ಪಕ್ಕದ ಗೋಡೆ ಗಿಡ್ಡವಾಗುತ್ತದೆ. ಗುಂಡಿಗೆ ಬಿದ್ದಾಗ ಪೆಟ್ಟು ತಡೆಯುವುದು ಆ ಗೋಡೆಯೇ. ಉಕ್ಕಿನ ರಿಮ್ ಬಗ್ಗಿದರೆ ಬಡಿದು ನೆಟ್ಟಗೆ ಮಾಡುತ್ತಾರೆ, ಅಲಾಯ್ ಜೋರಾಗಿ ಬಡಿದರೆ ಬಿರುಕು ಬಿಡಬಹುದು. ಹಾಗಾಗಿ ಮಧ್ಯದ ವೇರಿಯಂಟಿನ ಉಕ್ಕಿನ ಚಕ್ರ ನಮ್ಮ ರಸ್ತೆಗಳಿಗೆ ಕೊರತೆಯಲ್ಲ, ಅನುಕೂಲ.

ಸ್ಟೆಪ್ನಿಯನ್ನೂ ನೋಡಿ. ಟಯರಿನ ಗಾಳಿ ತೋರಿಸುವ ಸೆನ್ಸರ್ ಮತ್ತು ಪಂಕ್ಚರ್ ಕಿಟ್ ಕೊಟ್ಟರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದು ಅಂತ 2020ರಲ್ಲಿ ನಿಯಮ ಬದಲಾಯಿತು. ಮೊಳೆ ಚುಚ್ಚಿದರೆ ಕಿಟ್ ಸಾಕು. ಚೂಪು ಕಲ್ಲಿಗೆ ಟಯರಿನ ಪಕ್ಕ ಹರಿದರೆ ಕಿಟ್‌ನಿಂದ ಏನೂ ಆಗದು. ರಾತ್ರಿ ಹುಲಿಕಲ್ ಘಾಟಿಯಲ್ಲಿ ಹಾಗಾದರೆ? ಸ್ಟೆಪ್ನಿ ಇರುವ ವೇರಿಯಂಟನ್ನೇ ಆರಿಸಿ.

3. ಬ್ರೋಷರಿನ ಕೊನೆಯ ಪುಟ ಓದಿ

ಮುಂದಿನ ಪುಟಗಳ ಚಿತ್ರಗಳೆಲ್ಲ ಟಾಪ್ ಎಂಡ್‌ನವು. ನಿಜ ಇರುವುದು ಹಿಂದಿನ ಪಟ್ಟಿಯಲ್ಲಿ. ನಿಮ್ಮ ಮೊದಲ ಕಾಲಂನ ಪ್ರತಿಯೊಂದೂ ಯಾವ ವೇರಿಯಂಟಿನಿಂದ ಶುರುವಾಗುತ್ತದೆ ಅಂತ ಗುರುತು ಮಾಡಿ. ಎಲ್ಲವೂ ಸಿಗುವ ಅತಿ ಕೆಳಗಿನ ವೇರಿಯಂಟೇ ನಿಮ್ಮದು.

ಎಚ್ಚರ: ಪಟ್ಟಿಯಲ್ಲಿ ನಕ್ಷತ್ರದ ಗುರುತು ಇದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. "ಆಯ್ದ ವೇರಿಯಂಟ್‌ಗಳಲ್ಲಿ ಮಾತ್ರ" ಅಂತ ಇರುತ್ತದೆ. ಡೀಸೆಲ್ ಎಂಜಿನ್ ಅಥವಾ ಆಟೋಮ್ಯಾಟಿಕ್ ಗೇರ್ ಎಲ್ಲ ವೇರಿಯಂಟಿನಲ್ಲೂ ಇರುವುದಿಲ್ಲ. ಸುರಕ್ಷತೆಯ ಸ್ಟಾರ್‌ಗಳನ್ನು ನೋಡುವಾಗಲೂ ಅಷ್ಟೇ. 2023ರ ಅಕ್ಟೋಬರ್‌ನಲ್ಲಿ ಶುರುವಾದ, ಕಾರನ್ನು ಗುದ್ದಿಸಿ ಪರೀಕ್ಷಿಸಿ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ತನ್ನ ವರದಿಯಲ್ಲಿ ಆ ಸ್ಟಾರ್ ಯಾವ ವೇರಿಯಂಟ್‌ಗಳಿಗೆ ಅನ್ವಯ ಅಂತ ಬರೆದಿರುತ್ತದೆ. ನಿಮ್ಮದರ ಹೆಸರು ಅದರಲ್ಲಿದೆಯಾ ನೋಡಿ.

4. ಎಕ್ಸ್ ಷೋರೂಂ ಬೇಡ, ಆನ್ ರೋಡ್ ವ್ಯತ್ಯಾಸ ಲೆಕ್ಕ ಹಾಕಿ

ಎಕ್ಸ್ ಷೋರೂಂ ಅಂದರೆ ಜಿಎಸ್‌ಟಿ ಸೇರಿದ ಕಾರಿನ ಬೆಲೆ. ಅದಕ್ಕೆ ರಸ್ತೆ ತೆರಿಗೆ, ನೋಂದಣಿ, ವಿಮೆ ಸೇರಿದರೆ ಆನ್ ರೋಡ್. ಎರಡು ವೇರಿಯಂಟ್ ಹೋಲಿಸುವಾಗ ಹೆಚ್ಚಿನವರು ಎಡವುವುದು ಇಲ್ಲಿಯೇ.

ಕರ್ನಾಟಕದಲ್ಲಿ 2025ರಲ್ಲಿ ಇದ್ದ ರಸ್ತೆ ತೆರಿಗೆ ಹೀಗೆ: 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಇದರ ಮೇಲೆ ಸೆಸ್ ಬೇರೆ. ಮುಖ್ಯ ವಿಷಯ ಏನೆಂದರೆ, ಗಡಿ ದಾಟಿದರೆ ಹೊಸ ದರ ಪೂರ್ತಿ ಬೆಲೆಗೆ ಬೀಳುತ್ತದೆ, ದಾಟಿದ ಭಾಗಕ್ಕೆ ಮಾತ್ರ ಅಲ್ಲ.

ಒಂದು ಲೆಕ್ಕ ನೋಡಿ. ಒಂದು ವೇರಿಯಂಟ್ 9,95,000, ಅದರ ಮೇಲಿನದು 10,20,000 ಅಂತಿಟ್ಟುಕೊಳ್ಳಿ. ವ್ಯತ್ಯಾಸ 25,000, ಪರವಾಗಿಲ್ಲ ಅನ್ನಿಸುತ್ತದೆ. ಮೊದಲನೆಯದಕ್ಕೆ ಶೇ 14ರಂತೆ ತೆರಿಗೆ 1,39,300. ಎರಡನೆಯದಕ್ಕೆ ಶೇ 17ರಂತೆ 1,73,400. ತೆರಿಗೆಯಲ್ಲೇ 34,100 ಜಾಸ್ತಿ. ಅಲ್ಲಿಗೆ 25,000ದ ವ್ಯತ್ಯಾಸ 59,100 ಆಯಿತು, ಸೆಸ್ ಮತ್ತು ವಿಮೆ ಇನ್ನೂ ಸೇರಿಲ್ಲ. 10 ಲಕ್ಷ ದಾಟಿದ ಕಾರಿಗೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ಮುಂಚಿತವಾಗಿ ವಸೂಲಿ ಮಾಡುವ ಆದಾಯ ತೆರಿಗೆ, ಕೂಡ ಕಟ್ಟಿಸಿಕೊಳ್ಳುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಾಪಸ್ ಕೇಳಬಹುದು. ರಸೀದಿ ಜೋಪಾನ. ಬುಕ್ ಮಾಡುವ ಮೊದಲು ಈಗಿನ ದರವನ್ನು ಆರ್‌ಟಿಒದಲ್ಲಿ ಒಮ್ಮೆ ಕೇಳಿಕೊಳ್ಳಿ.

ಎಂಜಿನ್ ಆಯ್ಕೆಯಲ್ಲೂ ತೆರಿಗೆಯ ಗಂಟಿದೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ ಕಾರಿಗೆ ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಮೀರದಿದ್ದರೆ ಜಿಎಸ್‌ಟಿ ಶೇ 18. ಮೀರಿದರೆ ಶೇ 40. ಹಾಗಾಗಿ ಅಷ್ಟೇ ಉದ್ದದ ಕಾರಿನಲ್ಲಿ 1.2 ಲೀಟರ್ ಪೆಟ್ರೋಲಿಗೂ 1.5 ಲೀಟರ್ ಪೆಟ್ರೋಲಿಗೂ ಬೆಲೆಯ ಅಂತರ ದೊಡ್ಡದು.

"ತಿಂಗಳಿಗೆ ಬರೀ 1,600 ಜಾಸ್ತಿ ಸರ್, ಟಾಪ್ ಎಂಡೇ ತಗೊಳ್ಳಿ" ಅನ್ನುವ ಮಾತಿಗೆ ಮರುಳಾಗಬೇಡಿ. 1 ಲಕ್ಷಕ್ಕೆ ಶೇ 9ರ ಬಡ್ಡಿ, 7 ವರ್ಷ ಅಂದರೆ ಕಂತು ಸುಮಾರು 1,609. ಕೊನೆಗೆ ನೀವು ಕಟ್ಟುವುದು ಸುಮಾರು 1,35,000. ಕಂತು ಕೇಳಬೇಡಿ, ಒಟ್ಟು ಕೇಳಿ.

5. ನಿಮ್ಮ ವೇರಿಯಂಟನ್ನೇ, ನಿಮ್ಮ ಏರಿನಲ್ಲೇ ಓಡಿಸಿ

ಟೆಸ್ಟ್ ಡ್ರೈವ್‌ಗೆ ಇಡುವುದು ಸಾಮಾನ್ಯವಾಗಿ ಟಾಪ್ ಎಂಡ್ ಕಾರು. ಸೀಟು, ಟಯರು, ಬೆಳಕು ಎಲ್ಲ ಬೇರೆ. ನಿಮ್ಮ ವೇರಿಯಂಟ್ ಓಡಿಸಲು ಸಿಗದಿದ್ದರೆ ಅವರ ಯಾರ್ಡಿಗೆ, ಅಂದರೆ ಕಾರು ನಿಲ್ಲಿಸುವ ಜಾಗಕ್ಕೆ, ಕರೆದುಕೊಂಡು ಹೋಗಲು ಹೇಳಿ. ಸೀಟಿನಲ್ಲಿ ಕೂತು ನೋಡಿ, ಡಿಕ್ಕಿ ತೆಗೆದು ನೋಡಿ.

ಸಾಗರ ರಸ್ತೆಯ ಸಮತಟ್ಟಿನಲ್ಲಿ ಒಂದು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ಕಾರನ್ನು ಊರಿಗೇ ತರಲು ಕೇಳಿ, ಎಷ್ಟೋ ಕಡೆ ಒಪ್ಪುತ್ತಾರೆ. ಮನೆಯವರೆಲ್ಲ ಕೂತು, ಎಸಿ ಹಾಕಿ, ನಿಮ್ಮ ಮನೆಯ ಏರನ್ನೇ ಹತ್ತಿಸಿ. ಅರ್ಧ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಎಎಂಟಿ ಗೇರಿನ ಕಾರಾದರೆ ಈ ಪರೀಕ್ಷೆ ಬಿಡಲೇಬೇಡಿ. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ಒಂದು ಕ್ಷಣ ಎಳೆತ ತಗ್ಗುತ್ತದೆ. ಪೇಟೆಯಲ್ಲಿ ಗೊತ್ತಾಗದು, ಘಾಟಿಯ ತಿರುವಿನಲ್ಲಿ ಗೊತ್ತಾಗುತ್ತದೆ. ಹಿಲ್ ಹೋಲ್ಡ್ ಇಲ್ಲದ ಎಎಂಟಿಯನ್ನು ಮಲೆನಾಡಿನವರಿಗೆ ನಾನು ಹೇಳುವುದಿಲ್ಲ.

ಸಿಎನ್‌ಜಿ ವೇರಿಯಂಟ್ ಯೋಚನೆಯಿದ್ದರೆ ಡಿಕ್ಕಿಯಲ್ಲಿ ಎಷ್ಟು ಜಾಗ ಉಳಿದಿದೆ ನೋಡಿ. ಏರಿನಲ್ಲಿ ಎಳೆತ ಪೆಟ್ರೋಲಿಗಿಂತ ಕಡಿಮೆ. ನಿಮ್ಮ ದಿನದ ದಾರಿಯಲ್ಲಿ ಬಂಕ್ ಇಲ್ಲದಿದ್ದರೆ ಬೇಡ.

6. "ಈ ವೇರಿಯಂಟ್ ಬರಲ್ಲ ಸರ್" ಅಂದಾಗ

ಇದು ಶಿವಮೊಗ್ಗದಂಥ ಊರಿನ ದೊಡ್ಡ ಕಿರಿಕಿರಿ. ಡೀಲರುಗಳು ಬೇಗ ಖರ್ಚಾಗುವ ವೇರಿಯಂಟ್, ಬೇಗ ಖರ್ಚಾಗುವ ಬಣ್ಣ ಮಾತ್ರ ತರಿಸಿಡುತ್ತಾರೆ. "ಬರಲ್ಲ" ಅಂದರೆ ಎಷ್ಟೋ ಸಲ "ಸ್ಟಾಕ್ ಇಲ್ಲ" ಅಂತಷ್ಟೇ ಅರ್ಥ. ಕಂಪನಿ ಅದನ್ನು ನಿಲ್ಲಿಸಿದೆಯಾ, ಆರ್ಡರ್ ಹಾಕಿದರೆ ಎಷ್ಟು ವಾರ ಅಂತ ನೇರವಾಗಿ ಕೇಳಿ. ಕಂಪನಿಯ ಗ್ರಾಹಕ ಸಹಾಯವಾಣಿಗೂ ಫೋನ್ ಮಾಡಿ. ದಾವಣಗೆರೆ, ಉಡುಪಿ, ಮಂಗಳೂರಿನ ಡೀಲರುಗಳನ್ನೂ ಕೇಳಿ. ಅಲ್ಲಿ ಕೊಂಡರೆ ನಮ್ಮ ಶಿವಮೊಗ್ಗದ ಕೆಎ-14 ಅಥವಾ ಸಾಗರದ ಕೆಎ-15ರಲ್ಲಿ ನೋಂದಣಿ ಮಾಡಿಸಿಕೊಡುತ್ತಾರಾ, ಅದರ ಖರ್ಚು ಯಾರದು ಅಂತ ಮೊದಲೇ ಮಾತಾಡಿ.

ಕಾಯಲು ಆಗುವುದಾದರೆ ಕಾಯಿರಿ. ಆಷಾಢದಲ್ಲಿ ಜನ ಕಾರು ಕೊಳ್ಳುವುದು ಕಡಿಮೆ, ಡಿಸೆಂಬರ್‌ನಲ್ಲಿ ವರ್ಷದ ಸ್ಟಾಕ್ ಖಾಲಿ ಮಾಡುವ ಅವಸರ. ಎರಡೂ ಹೊತ್ತಿನಲ್ಲಿ ರಿಯಾಯಿತಿ ಸಿಗುತ್ತದೆ. ಆದರೆ ಡಿಸೆಂಬರ್‌ನಲ್ಲಿ ಕೊಂಡ ಕಾರು ಜನವರಿಗೆ ಹಳೆಯ ವರ್ಷದ್ದಾಗುತ್ತದೆ, ಮಾರುವಾಗ ಬೆಲೆ ಕಡಿಮೆ. ರಿಯಾಯಿತಿ ಅದನ್ನು ಸರಿದೂಗಿಸುವಷ್ಟು ಇರಬೇಕು.

ಬುಕಿಂಗ್ ಅಡ್ವಾನ್ಸ್ ಕೊಡುವಾಗ ರಸೀದಿಯಲ್ಲಿ ಇವೆಲ್ಲ ಬರೆಸಿ: ವೇರಿಯಂಟಿನ ಪೂರ್ತಿ ಹೆಸರು, ಎಂಜಿನ್, ಗೇರ್, ಬಣ್ಣ, ರದ್ದು ಮಾಡಿದರೆ ಎಷ್ಟು ವಾಪಸ್. ಆ ದಿನದ ಬ್ರೋಷರಿನ ಪಟ್ಟಿಗೆ ಷೋರೂಮಿನ ಸೀಲ್ ಹಾಕಿಸಿಕೊಳ್ಳಿ. ಕಾಯುವ ತಿಂಗಳುಗಳಲ್ಲಿ ಕಂಪನಿ ಒಂದು ಸೌಲಭ್ಯವನ್ನು ಸದ್ದಿಲ್ಲದೆ ತೆಗೆದುಬಿಟ್ಟರೆ ಆಗ ಕೇಳಲು ನಿಮ್ಮ ಬಳಿ ಕಾಗದ ಇರುತ್ತದೆ. ಕೊಟೇಶನ್‌ನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಇದ್ದರೆ ಅದು ಯಾತಕ್ಕೆ ಅಂತ ಕೇಳಿ, ತೆಗೆಸಿ.

7. ವಿಮೆ ಮತ್ತು ಫಿಟ್ಟಿಂಗ್

ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕು ಅಂತ ಕಾನೂನಿಲ್ಲ. ಹೊರಗೆ ಕೇಳಿ ಹೋಲಿಸಿ. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ 3 ವರ್ಷದ್ದು ಕಡ್ಡಾಯ. ನಮ್ಮ ಕಡೆಯವರು ಎಂಜಿನ್ ಪ್ರೊಟೆಕ್ಷನ್ ಅನ್ನುವ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳುವುದು ಒಳ್ಳೆಯದು. ಹಳ್ಳ ದಾಟುವಾಗ ಎಂಜಿನ್ ಒಳಗೆ ನೀರು ಹೋದರೆ ಮಾಮೂಲಿ ಪಾಲಿಸಿ ಸಾಮಾನ್ಯವಾಗಿ ಆ ಖರ್ಚು ಕೊಡುವುದಿಲ್ಲ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ.

ಎರಡನೇ ಕಾಲಂನ ಸಾಮಾನು ಹಾಕಿಸುವಾಗ ಒಂದೇ ಷರತ್ತು: ವೈರ್ ಕತ್ತರಿಸಬಾರದು. ಕಂಪನಿಯ ವೈರಿಂಗ್‌ಗೆ ಸರಿಯಾಗಿ ಕೂರುವ ಕಪ್ಲರ್, ಅಂದರೆ ಸಿಕ್ಕಿಸುವ ಜೋಡಣೆ, ಇರುವ ಸಾಮಾನನ್ನೇ ತಗೊಳ್ಳಿ. ನನ್ನ ಹಿಂದಿನ ಕಾರಿಗೆ ಅಂಗಡಿಯೊಂದರಲ್ಲಿ ಕ್ಯಾಮೆರಾ ಹಾಕಿಸಿದಾಗ ಹಿಂದಿನ ದೀಪದ ವೈರ್ ಕತ್ತರಿಸಿ ಟೇಪ್ ಸುತ್ತಿದ್ದರು. ಮೊದಲ ಮಳೆಗಾಲದಲ್ಲೇ ದೀಪಗಳು ಕೈಕೊಟ್ಟವು, ಆ ವೈರಿಂಗ್‌ಗೆ ವಾರಂಟಿ ಸಿಗಲಿಲ್ಲ.

ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದಕ್ಕೆ ಜಾಗ ಬಿಟ್ಟು ಹೊಲಿದ ಸೀಟ್ ಕವರೇ ಬೇಕು. ಇಲ್ಲದಿದ್ದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿಯಾಗುತ್ತದೆ. ಬಂಪರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬೇಡಿ. ಅದು ನಿಯಮಕ್ಕೂ ವಿರುದ್ಧ, ದಾರಿಯಲ್ಲಿ ನಡೆಯುವವರಿಗೂ ಅಪಾಯ.

8. ಡೆಲಿವರಿಗೆ ಮೊದಲು

ಪೂರ್ತಿ ದುಡ್ಡು ಕಟ್ಟುವ ಮೊದಲು, ನೋಂದಣಿಗೆ ಕಳಿಸುವ ಮೊದಲು, ಹಗಲು ಬೆಳಕಿನಲ್ಲಿ ಕಾರು ನೋಡಿ. ಪೂಜೆಯ ದಿನ ಹಾರ ಹಾಕಿ ನಿಲ್ಲಿಸಿದ ಮೇಲೆ ಯಾರಿಗೂ ತಕರಾರು ಮಾಡಲು ಮನಸ್ಸು ಬರುವುದಿಲ್ಲ.

ಚಾಸಿಸ್ ನಂಬರನ್ನು ಕಾಗದದ ಜೊತೆ ತಾಳೆ ನೋಡಿ. ಕಾರಿನ ಜೊತೆ ಕಂಪನಿ ಕೊಡುವ ಪ್ರಮಾಣಪತ್ರವಾದ ಫಾರ್ಮ್ 22ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಸೀಲ್ ಹಾಕಿದ ಬ್ರೋಷರ್ ಹಿಡಿದು ನಿಮ್ಮ ಮೊದಲ ಕಾಲಂನ ಒಂದೊಂದನ್ನೂ ಮುಟ್ಟಿ ನೋಡಿ: ಹಿಂದಿನ ವೈಪರ್ ಓಡಿಸಿ, ನೀರು ಚಿಮ್ಮುತ್ತದಾ ನೋಡಿ, ಡಿಫಾಗರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಗಾಜು ಮುಟ್ಟಿ, ಸ್ಟೆಪ್ನಿ ಹೊರಗೆ ತೆಗೆಸಿ, ಜ್ಯಾಕ್ ಇದೆಯಾ ನೋಡಿಕೊಳ್ಳಿ. ಕೊನೆಗೆ ಇನ್‌ವಾಯ್ಸ್, ವಿಮೆ ಪಾಲಿಸಿ, ಆಮೇಲೆ ಬರುವ ಆರ್‌ಸಿ, ಈ ಮೂರರಲ್ಲೂ ವೇರಿಯಂಟಿನ ಹೆಸರು ಒಂದೇ ಇದೆಯಾ ಓದಿ. ಪಾಲಿಸಿಯಲ್ಲಿ ತಪ್ಪಿ ಕೆಳಗಿನ ವೇರಿಯಂಟ್ ನಮೂದಾಗಿದ್ದರೆ ಕಾರಿನ ವಿಮೆ ಮೌಲ್ಯವೂ ಕಡಿಮೆ ಆಗಿರುತ್ತದೆ. ಅದನ್ನು ಅಲ್ಲೇ ಕೂತು ಸರಿ ಮಾಡಿಸಿ, ಆಮೇಲೆ ಕೀ ಇಸಿದುಕೊಳ್ಳಿ.